ಅಂಕಗಳಿಲ್ಲದ ಪ್ರಗತಿಪತ್ರ

ಮೂರನೆಯ ತರಗತಿಯ ಚಿನಕುರುಳಿ ಮನೆಗೆ ತಂದ ಪ್ರಗತಿಪತ್ರದಲ್ಲಿ ಅಂಕವೂ ಇರಲಿಲ್ಲ, ರ‍್ಯಾಂಕೂ ಇರಲಿಲ್ಲ. ಆ ವರ್ಷ ಶಾಲೆಯವರು ಪದ್ಧತಿ ಬದಲಿಸಿದ್ದರು. ಆ ವಯಸ್ಸಿನ ಮಗುವಿಗೆ ಏನೇನು ಬರಬೇಕೆಂದು ಬಿಡಿಸಿ ಬರೆದು, ಎದುರಿಗೆ ‘ಬರುತ್ತದೆ’, ‘ಕಲಿಯುತ್ತಿದ್ದಾಳೆ’, ‘ಸಹಾಯ ಬೇಕು’ ಎಂದು ಗುರುತು ಹಾಕಿದ್ದರು. ಸರಾಗವಾಗಿ ಓದುವುದು: ಬರುತ್ತದೆ. ಅದರ ಕೆಳಗೇ, ಓದಿದ್ದನ್ನು ಅರ್ಥಮಾಡಿಕೊಳ್ಳುವುದು: ಸಹಾಯ ಬೇಕು.

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಔಷಧಿ ಅಂಗಡಿ ನಡೆಸುತ್ತಿದ್ದ ಅವನು ಓದುವ ಕಾಲದಲ್ಲಿ ತರಗತಿಗೇ ಮೊದಲಿಗ. ಅರಳು ಹುರಿದಂತೆ ಓದುವ ಮಗಳಿಗೆ ಸಹಾಯ ಬೇಕೆಂದರೆ ಟೀಚರೇ ಎಲ್ಲೋ ಎಡವಿದ್ದಾರೆ ಎಂದುಕೊಂಡು, ಮರುದಿನ ಅಂಗಡಿಗೆ ಬೀಗ ಹಾಕಿ ಶಾಲೆಗೆ ಹೋದ.

ಟೀಚರ್ ವಾದಕ್ಕಿಳಿಯಲಿಲ್ಲ. ಒಂದು ಪಾಠ ಕೇಳಿಕೊಂಡು ಹೋಗಿ ಎಂದರು. ಮಕ್ಕಳ ಗಿಡ್ಡ ಬೆಂಚಿನಲ್ಲಿ ಅವನು ಮುದುಡಿ ಕೂತ. ಅಣ್ಣ ತಮ್ಮ ರಾತ್ರಿ ಬೇರೆ ಬೇರೆ ದೋಣಿಗಳಲ್ಲಿ ಹೊರಟು, ದಡ ಸೇರಿದ ಮೇಲೂ ಅಣ್ಣ ತನ್ನ ದೋಣಿಯ ದೀಪ ಆರಿಸದೆ ನಿಂತ ಕಥೆಯನ್ನು ಚಿನಕುರುಳಿ ಎಲ್ಲೂ ತಡವರಿಸದೆ ಓದಿದಳು. ಅಪ್ಪ ಮೀಸೆಯಡಿಯಲ್ಲೇ ನಕ್ಕ.

“ಅವನು ದೀಪ ಯಾಕೆ ಆರಿಸ್ಲಿಲ್ಲ ಪುಟ್ಟಿ?” ಟೀಚರ್ ಕೇಳಿದರು.

ಅವಳು ಪುಸ್ತಕ ನೋಡಿದಳು, ಸೂರು ನೋಡಿದಳು. “ಆರಿಸ್ಲಿಲ್ಲ ಅಂತ ಬರೆದಿದೆ ಟೀಚರ್.”

ಅಪ್ಪನ ನಗು ಅಡಗಿತು. ಟೀಚರ್ ಗದರಲಿಲ್ಲ, ಉತ್ತರವನ್ನೂ ಹೇಳಿಕೊಡಲಿಲ್ಲ. ಆ ದೋಣಿಯಲ್ಲಿ ನೀನೇ ಇದ್ದೀಯ ಎಂದುಕೋ, ನಿನ್ನ ಹಿಂದೆ ಇನ್ನೂ ಯಾರು ನೀರಿನಲ್ಲಿದ್ದಾರೆ ನೋಡು ಎಂದು ಕಾದರು. ತರಗತಿಯೆಲ್ಲ ಕಾಯಿತು, ಒಬ್ಬರೂ ಕಿಸಕ್ಕೆನ್ನಲಿಲ್ಲ. ಮಕ್ಕಳನ್ನು ಹಾಗೆ ಪಳಗಿಸಿದ್ದ ಕೈ ಎಂಥದ್ದೆಂದು ಅಪ್ಪ ಬೆರಗಾದ.

“ತಮ್ಮನ ದೋಣಿ ಇನ್ನೂ ಬಂದಿಲ್ಲ,” ಎಂದಳು ಚಿನಕುರುಳಿ ಮೆಲ್ಲಗೆ. “ಅವನಿಗೆ ದಾರಿ ಕಾಣ್ಲಿ ಅಂತ.”

ಗಂಟೆ ಹೊಡೆದ ಮೇಲೆ ಅಪ್ಪ, ನಮ್ಮ ಕಾಲದಲ್ಲಾಗಿದ್ದರೆ ಇವಳಿಗೆ ಎಂಬತ್ತು ಅಂಕ ಬರುತ್ತಿತ್ತು ಎಂದ.

“ಬರ್ತಿತ್ತು. ಆದ್ರೆ ಆ ಎಂಬತ್ತರೊಳಗೆ ಇದು ಮುಚ್ಚಿಹೋಗ್ತಿತ್ತು,” ಎಂದರು ಟೀಚರ್. “ಯಾರು ಯಾರಿಗಿಂತ ಮುಂದೆ ಅನ್ನೋದನ್ನ ಕಟ್ಕೊಂಡು ನಾನೇನು ಮಾಡ್ಲಿ ಸರ್? ಇವಳಿಗೆ ಏನು ಬರುತ್ತೆ, ಇನ್ನೇನು ಕಲಿಸ್ಬೇಕು, ಅದು ನಂಗೆ ಗೊತ್ತಿರ್ಬೇಕು.”

ಅಂದಿನಿಂದ ಸಂಜೆ ಹೊತ್ತು ಅಂಗಡಿಯಲ್ಲಿ ಗಿರಾಕಿಗಳ ನಡುವೆಯೇ ಅಪ್ಪ ಮಗಳ ಓದು ಸಾಗಿತು. ಈಗ ಅವನು ಎಷ್ಟು ಪುಟ ಆಯಿತೆಂದು ಕೇಳುತ್ತಿರಲಿಲ್ಲ. ಯಾಕೆ, ಆಮೇಲೆ ಏನಾದೀತು ಎಂದು ಕೇಳುತ್ತಿದ್ದ. ಮುಂದಿನ ಪ್ರಗತಿಪತ್ರದಲ್ಲಿ ಆ ಸಾಲಿನ ಎದುರು ‘ಕಲಿಯುತ್ತಿದ್ದಾಳೆ’ ಎಂದಿತ್ತು.

ಅಪ್ಪ ಕೃತಜ್ಞತೆ ಹೇಳಲು ಶಾಲೆಗೆ ಹೋದ. ಟೀಚರ್ ನೆಲದ ಮೇಲೆ ಕೂತು, ಕಳೆಯುವ ಲೆಕ್ಕ ತಲೆಗೆ ಹತ್ತದ ಹುಡುಗಿಯೊಬ್ಬಳ ಮುಂದೆ ಬೆಣಚುಕಲ್ಲುಗಳನ್ನು ಹರಡಿದ್ದರು. ಅವನು ಚಪ್ಪಲಿ ಸದ್ದಾಗದಂತೆ ಬಾಗಿಲಲ್ಲೇ ನಿಂತ.