ಸಂಘದ ಇನ್ನೂರ ಹದಿಮೂರನೇ ಸದಸ್ಯ

ಕೇಳಿ, ಒಂದೈದು ನಿಮಿಷ ಕೈಯಲ್ಲಿರುವ ಕೆಲಸ ಬದಿಗಿಟ್ಟು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೇ ‘ಛೇ, ಎಂಥ ಸುಳ್ಳುಬುರುಕಿ’ ಎಂದು ತೀರ್ಪು ಕೊಟ್ಟು ಎದ್ದು ಹೋಗಬೇಡಿ.

ಮನಸ್ವಿನಿ ಕುಂದಾಪುರದವಳು. ಅಹಮದಾಬಾದಿನ ನರೋಡಾದಲ್ಲಿ ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬಟ್ಟೆಗೆ ಬಣ್ಣ ಹಿಡಿಯಿತೇ, ಒಗೆದರೆ ಬಿಟ್ಟಿತೇ ಎಂದು ನೋಡುವುದೇ ದಿನವಿಡೀ ಕಸುಬು. ಇದರ ಜೊತೆಗೆ ತಾನಾಗಿ ಮೈಮೇಲೆ ಎಳೆದುಕೊಂಡದ್ದು ಬಣ್ಣ ರಸಾಯನ ಸಂಘದ ವೆಬ್‌ಸೈಟ್. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಸೇರಿ ಸಂಘಕ್ಕೆ ಇನ್ನೂರ ಹನ್ನೆರಡು ಸದಸ್ಯರು. ವರ್ಷಕ್ಕೊಮ್ಮೆ ಸೇರಿ ಉಂಡು, ಗ್ರೂಪ್ ಫೋಟೊ ತೆಗೆಸಿಕೊಂಡು ಹೊರಟರೆಂದರೆ ಮುಂದಿನ ಜನವರಿಯವರೆಗೆ ಒಬ್ಬರ ಸುದ್ದಿ ಒಬ್ಬರಿಗಿಲ್ಲ. ಹೀಗಾಗಬಾರದೆಂದು ಅವಳು ಸೈಟಿನಲ್ಲಿ ಸದಸ್ಯರಿಗೊಂದು ಚರ್ಚೆಯ ಪುಟ ತೆರೆದಳು. ನಾಲ್ಕು ತಿಂಗಳಲ್ಲಿ ಅಲ್ಲಿ ಬಂದ ಬರಹ ಮೂರು. ಎರಡು ಅವಳದೇ, ಮೂರನೆಯದು ಯಾರೋ ಹಾಕಿದ ವಿಮೆಯ ಜಾಹೀರಾತು.

ಕಾರ್ಯದರ್ಶಿ ಜಯೇಂದ್ರಭಾಯಿ ಫೋನ್ ಮಾಡಿದರು. “ಮನಸ್ವಿನಿಬೆನ್, ನಮಗೆ ವಾಟ್ಸಾಪ್ ಗ್ರೂಪ್ ಇದೆಯಲ್ಲ? ಜನವರಿಯ ಸಭೆಯೊಳಗೆ ಐವತ್ತು ಜನ ನಿಮ್ಮ ಆ ಪುಟಕ್ಕೆ ಬಂದು ಮಾತಾಡಲಿ. ಇಲ್ಲದಿದ್ದರೆ ಮುಚ್ಚಿಬಿಡೋಣ.”

ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಗುಲಾಬಿ ಹೂವು, ಸಂಜೆ ಸೂರ್ಯಾಸ್ತ. ಅಲ್ಲಿ ರಸಾಯನಶಾಸ್ತ್ರದ ಮಾತೆತ್ತಿದರೆ ಅದಕ್ಕೂ ಒಂದು ಗುಲಾಬಿ.

ಆಮೇಲೊಂದು ದಿನ, ಅವಸರದಲ್ಲಿ ಟೈಪ್ ಮಾಡುತ್ತ, ಹತ್ತಿ ಬಟ್ಟೆಯ ಬಣ್ಣಕ್ಕೆ ಉಪ್ಪಿಗಿಂತ ಮೊದಲು ಸೋಡಾ ಹಾಕಬೇಕೆಂದು ಸೈಟಿನಲ್ಲಿ ಬರೆದುಬಿಟ್ಟಳು. ಸೋಡಾ ಮೊದಲು ಬಿದ್ದರೆ ಬಣ್ಣ ಸಮನಾಗಿ ಹರಡುವ ಮುಂಚೆಯೇ ಅಂಟಿಕೊಂಡು ಬಟ್ಟೆಯೆಲ್ಲ ಚಿಬ್ಬು ಚಿಬ್ಬು. ಒಂದೇ ಗಂಟೆಯಲ್ಲಿ ಹನ್ನೊಂದು ಜನ ತಿದ್ದಿದರು!

ಚಾಂದ್‌ಖೇಡಾದ ಬಾಡಿಗೆ ಫ್ಲ್ಯಾಟಿನಲ್ಲಿ ಅವಳ ಜೊತೆಗಿದ್ದ ಧಾರವಾಡದ ಅದಿತಿಗೆ ಫೋನ್ ಹಿಡಿದು ತೋರಿಸಿದಳು.

“ನೋಡೇ, ಪ್ರಶ್ನೆ ಕೇಳಿದ್ರೆ ಒಂದು ನರಪಿಳ್ಳೆ ಇಲ್ಲ. ತಪ್ಪು ಬರೆದ್ರೆ ಹನ್ನೊಂದು ಜನ!”

“ಶಾಣ್ಯಾ ಮಂದಿನೇ ಹಂಗ. ತಪ್ಪು ಕಂಡ್ರ ಕೈ ತುರಸತಾವು. ದಿನಾ ಒಂದು ತಪ್ಪು ಮಾಡು.”

“ನನ್ನ ಹೆಸರಲ್ಲಿ ಮಾಡಿದ್ರೆ ಕೆಲ್ಸ ಹೋಗ್ತದೆ ಮಾರಾಯ್ತಿ.”

“ಮತ್ತ ಬ್ಯಾರೆದವ್ರ ಕಡೆ ಮಾಡಸು!” ಎಂದು ನಕ್ಕು ಅದಿತಿ ಸ್ನಾನಕ್ಕೆ ಹೋದಳು.

ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನಸ್ವಿನಿಯ ಫೋನಿನಲ್ಲಿ ಇನ್ನೂರ ಹದಿಮೂರನೇ ಸದಸ್ಯ ಹುಟ್ಟಿದ್ದ. ಹೆಸರು ಆದರ್ಶ, ಊರು ಸೂರತ್, ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಟ್ರೇನಿ. ಮುಖದ ಜಾಗದಲ್ಲೊಂದು ಗಾಳಿಪಟ. ತಲೆಯಲ್ಲಿ ಇರುವುದು ಅಷ್ಟಕ್ಕಷ್ಟೆ, ಧೈರ್ಯ ಮಾತ್ರ ಬೆಟ್ಟದಷ್ಟು. ‘ಬೋರ್‌ವೆಲ್ ನೀರಾದರೇನು, ನಲ್ಲಿ ನೀರಾದರೇನು? ಬಣ್ಣ ಕರಗಿದರೆ ಸಾಕು. ಹಿರಿಯರು ಸುಮ್ಮನೆ ಹೆದರಿಸುತ್ತಾರೆ’ ಎಂದು ಬರೆದ.

ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಗಡಸು ನೀರಿನ ಬಗ್ಗೆ ನರೋಡಾದವರು ಪಾಠ ಮಾಡಿದರು. ಆ ಪಾಠವೇ ತಪ್ಪೆಂದು ಸೂರತ್ತಿನವರು ಎದ್ದರು. ಜಗಳವಾಡಿದವರು ನಂಬರ್ ಕೊಟ್ಟುಕೊಂಡರು, ಸ್ಯಾಂಪಲ್ ಕಳಿಸಿಕೊಂಡರು. ಒಂದೇ ರಸ್ತೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿಯೂ ಮುಖ ನೋಡದ ಇಬ್ಬರು ಆದರ್ಶನ ದಯೆಯಿಂದ ಒಟ್ಟಿಗೆ ಚಹಾ ಕುಡಿದರು. ಡಿಸೆಂಬರ್ ಹೊತ್ತಿಗೆ ಮಾತಾಡಿದವರ ಲೆಕ್ಕ ತೊಂಬತ್ತನಾಲ್ಕು.

ಬೈಯದವರು ಒಬ್ಬರೇ, ವಡೋದರಾದ ಸುಬ್ಬರಾಯರು. ಉಡುಪಿ ಕಡೆಯವರು, ಜವಳಿ ರಸಾಯನ ಕಲಿಸಿ ನಿವೃತ್ತರಾದ ಮೇಷ್ಟ್ರು. ಪ್ರತಿ ಭಾನುವಾರ ಬೆಳಿಗ್ಗೆ ಆದರ್ಶನಿಗೆ ಉದ್ದಕ್ಕೆ ಬರೆಯುತ್ತಿದ್ದರು. ‘ನಿನ್ನ ವಯಸ್ಸಿನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ, ಹಾಳಾದ ತುಂಡು ಇಲ್ಲಿದೆ ನೋಡು’ ಎಂದು ನೋಟ್‌ಬುಕ್ಕಿನ ಪುಟವೊಂದರ ಫೋಟೊ. ಬಣ್ಣದವರ ರೂಢಿಯದು: ಮಾಡಿದ ಪ್ರತಿ ಪ್ರಯೋಗದ ಬಟ್ಟೆಯ ಚೂರನ್ನು ಪಕ್ಕದಲ್ಲಿ ಅಂಟಿಸಿಡುವುದು. ಅಂಥ ಮೂವತ್ತೊಂದು ಪುಸ್ತಕ ಅವರಲ್ಲಿದ್ದವು. ಮನಸ್ವಿನಿ ಭಾನುವಾರಕ್ಕೆ ಕಾಯತೊಡಗಿದಳು. ಬರಬರುತ್ತ ಆದರ್ಶ ಬೇಕೆಂದೇ ತಪ್ಪು ಮಾಡುವುದು ಕಮ್ಮಿಯಾಯಿತು. ಅವಳಿಗೇ ಗೊತ್ತಿಲ್ಲದ್ದನ್ನು ಅವನ ಹೆಸರಲ್ಲಿ ಕೇಳತೊಡಗಿದಳು.

ಜನವರಿಯ ಸಭೆ ಸೂರತ್ತಿನ ವರಾಛಾದ ಒಂದು ಹಾಲ್‌ನಲ್ಲಿ. ಮಧ್ಯಾಹ್ನ ಉಂಧಿಯು ಎಂಬ ತರಕಾರಿ ಪಲ್ಯ, ಪೂರಿಯ ಊಟಕ್ಕೆ ಎಲ್ಲರೂ ಕುಳಿತಿದ್ದಾಗ ಸುಬ್ಬರಾಯರು ಸೂಟ್‌ಕೇಸ್ ಎಳೆದುಕೊಂಡು ಅವಳ ಪಕ್ಕ ಬಂದು ಕೂತರು.

“ಆ ಹುಡುಗ ಎಲ್ಲಿದ್ದಾನೆ?”

“ಸರ್, ಮೊದ್ಲು ಊಟ ಮಾಡಿ.”

“ಊಟ ಇರ್ಲಿ ಮಾರಾಯ್ತಿ. ಹನ್ನೊಂದು ಪುಸ್ತಕ ತಂದಿದ್ದೇನೆ. ಉಳಿದದ್ದು ಅವನೇ ಮನೆಗೆ ಬಂದು ತಕೊಂಡು ಹೋಗ್ಲಿ. ಒಂದು ಲೈಬ್ರರಿಗೆ ಕೇಳಿದ್ರೆ ಪಿಡಿಎಫ್ ಮಾಡಿ ಕಳ್ಸಿ ಅಂದ್ರು. ಪಿಡಿಎಫ್‌ನಲ್ಲಿ ಬಟ್ಟೆ ಮುಟ್ಲಿಕ್ಕೆ ಆಗ್ತದಾ?”

‘ಅವನಿಗೆ ರಜೆ ಸಿಗಲಿಲ್ಲ ಅಂತೆ, ನನ್ನ ಕೈಯಲ್ಲಿ ಕೊಡಿ’ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

“ಸರ್, ಆದರ್ಶ ಅಂತ ಯಾರೂ ಇಲ್ಲ. ಅದು ನಾನೇ.”

ಸುಬ್ಬರಾಯರು ತಟ್ಟೆಯನ್ನು ಸ್ವಲ್ಪ ದೂರ ಸರಿಸಿದರು.

“ನೀಲಿ ಬಟ್ಟೆ ಬಿಸಿಲಿಗೆ ಯಾಕೆ ಮಾಸ್ತದೆ ಅಂತ ಕೇಳಿದ್ದು?”

“ನಾನೇ. ಅದು ನಿಜವಾಗ್ಲೂ ಗೊತ್ತಿರ್ಲಿಲ್ಲ.”

“ನಿನ್ನ ಹೆಸರಲ್ಲೇ ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ?”

“ಕೇಳಿದ್ದೆ ಸರ್, ಜೂನ್‌ನಲ್ಲಿ. ಯಾರೂ ಉತ್ತರ ಕೊಡ್ಲಿಲ್ಲ.”

ಅಷ್ಟರಲ್ಲಿ ಜಯೇಂದ್ರಭಾಯಿ ಮೈಕ್ ಹಿಡಿದರು. ತೊಂಬತ್ತನಾಲ್ಕು ಸದಸ್ಯರು, ಸೈಟ್ ಉಳಿಯುತ್ತದೆ, ಎಲ್ಲ ಆ ಹುಡುಗನ ಕೃಪೆ! “ಆದರ್ಶಭಾಯಿ, ಇದ್ದರೆ ಎದ್ದು ನಿಲ್ಲಪ್ಪಾ, ನಿನ್ನ ಮುಖ ನೋಡೋಣ!” ಇಡೀ ಹಾಲ್ ಚಪ್ಪಾಳೆ ತಟ್ಟುತ್ತ ಕತ್ತು ಹೊರಳಿಸಿತು.

ಮನಸ್ವಿನಿ ಅರ್ಧ ಎದ್ದಳು. ಸುಬ್ಬರಾಯರು ಅವಳ ಮುಂಗೈ ಹಿಡಿದರು.

“ಕೂತ್ಕೊ. ಇವರು ಈಗಷ್ಟೇ ಒಬ್ಬರಿಗೊಬ್ಬರು ಮಾತಾಡ್ಲಿಕ್ಕೆ ಕಲ್ತಿದ್ದಾರೆ.”

ಅವಳು ಕೂತಳು. “ಪಾಪ, ಶಿಫ್ಟ್ ಇರಬೇಕು” ಎಂದರು ಜಯೇಂದ್ರಭಾಯಿ. ಸಭೆ ಮುಂದುವರಿಯಿತು.

ನಾಲ್ಕು ಗಂಟೆಯ ರೈಲಿಗೆ ಸುಬ್ಬರಾಯರು ಹೊರಟರು. ಪುಸ್ತಕಗಳಿದ್ದ ಸೂಟ್‌ಕೇಸ್‌ಗೆ ಅವಳು ಕೈ ಹಾಕಿದಾಗ “ಬೇಡ, ಚಕ್ರ ಉಂಟು” ಎಂದು ತಾವೇ ಎಳೆದುಕೊಂಡು ಆಟೊ ಹತ್ತಿದರು.

ಆದರ್ಶನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತೆಂದು ಬರೆದು ಅವಳು ಆ ಖಾತೆ ಮುಚ್ಚಿದಳು. ಇಪ್ಪತ್ತು ಜನ ಶುಭ ಹಾರೈಸಿದರು. ಸೈಟಿನಲ್ಲಿ ಈಗ ನೂರಿಪ್ಪತ್ತು ಜನ ಮಾತಾಡುತ್ತಾರೆ, ತಪ್ಪು ಮಾಡಲು ಯಾರನ್ನೂ ಹುಟ್ಟಿಸಬೇಕಾಗಿಲ್ಲ. ಸುಬ್ಬರಾಯರು ಮಾತ್ರ ಆ ಕಡೆ ತಲೆ ಹಾಕಿಲ್ಲ, ಭಾನುವಾರಗಳು ಖಾಲಿ. ಎಲ್ಲ ಒಪ್ಪಿಕೊಂಡು ತನ್ನ ಹೆಸರಲ್ಲಿ ಬರೆದ ಪತ್ರವೊಂದು ಅವಳ ಲ್ಯಾಪ್‌ಟಾಪಿನಲ್ಲಿ ಹಾಗೇ ಇದೆ. ಅದನ್ನು ಸೈಟಿನಲ್ಲಿ ಹಾಕಿದರೆ ಅವರು ಮರಳಿ ಬರುತ್ತಾರೋ, ಇಲ್ಲ, ಇದ್ದವರೂ ಹೋಗುತ್ತಾರೋ ತಿಳಿಯದು.

ಪೂರ್ತಿ ಕೇಳಿದಿರಲ್ಲ, ಈಗ ಹೇಳಿ. ಆ ಹಾಲ್‌ನಲ್ಲಿ, ಆ ಚಪ್ಪಾಳೆಯ ನಡುವೆ, ಮೇಷ್ಟ್ರು ಕೈ ಹಿಡಿದಾಗ, ನೀವಾಗಿದ್ದರೆ ಕೂರುತ್ತಿದ್ದಿರಾ, ಕೈ ಬಿಡಿಸಿಕೊಂಡು ಎದ್ದು ನಿಲ್ಲುತ್ತಿದ್ದಿರಾ?