ಹತ್ತಿ ಹತ್ತಿ ಆರುವ ಗೀಸರ್

ಚಳಿಗಾಲದಲ್ಲಿ ಗೀಸರ್ ಕೈಕೊಟ್ಟ ಮನೆಯ ಬೆಳಗು ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಯಾರು ಯಾರ ಮೇಲೆ ಹರಿಹಾಯುತ್ತಾರೋ ದೇವರಿಗೇ ಗೊತ್ತು. ಟೈಲರನ ಮನೆಯಲ್ಲೂ ಕೆಲವು ದಿನಗಳಿಂದ ಅದೇ ಪಾಡು. ಮುಂದಿನ ಕೋಣೆ ಹೊಲಿಗೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಕೊನೆಗೆ ಬಚ್ಚಲುಮನೆ. ಬಚ್ಚಲುಮನೆಯ ಗೋಡೆಗೆ ಹಾಕಿದ್ದ ಗ್ಯಾಸ್ ಗೀಸರನ್ನು ಟೈಲರನ ತಾಯಿ ಗೋಡೆಹಂಡೆ ಎಂದು ಕರೆಯುತ್ತಿದ್ದರು.

ಒಂದು ರಜೆಯ ದಿನ ಬೆಳಿಗ್ಗೆ ಮುದುಕಮ್ಮ ಹೆಗಲಿಗೆ ಟವೆಲ್ ಹಾಕಿಕೊಂಡು ಬಚ್ಚಲುಮನೆಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತೇ ಇದ್ದರು.

"ಏನೋ, ನಿನ್ನ ಗೋಡೆಹಂಡೆ ಇನ್ನೂ ಮುನಿಸ್ಕೊಂಡೇ ಇದೆಯಾ?"

"ಸ್ವಲ್ಪ ಇರಮ್ಮ. ಇವತ್ತು ಅದರ ಹಠ ಬಿಡಿಸ್ತೀನಿ."

ಹಠ ಬಂದಿದ್ದು ಟೈಲರನಿಗೆ. ಗೀಸರಿಗೆ ಕಿಡಿ ಕೊಡುವ ಸೆಲ್ ಬದಲಾಯಿಸಿದ್ದ. ಸಿಲಿಂಡರ್ ಅಲ್ಲಾಡಿಸಿ ನೋಡಿದ್ದ, ಭಾರವಾಗಿಯೇ ಇತ್ತು. ನೀರಿನ ಜಾಲರಿ ಬಿಚ್ಚಿ ತೊಳೆದು ಹಾಕಿದ್ದ. ಏನು ಮಾಡಿದರೂ ಅದೇ ಕಥೆ. ಗೀಸರ್ ಟಿಕ್ ಟಿಕ್ ಎನ್ನುತ್ತದೆ, ಹತ್ತುತ್ತದೆ, ಬಕೆಟ್ ತುಂಬುವ ಮೊದಲೇ ಆರುತ್ತದೆ. ಮತ್ತೆ ಹಚ್ಚಲು ಹೋದರೆ ಬರೀ ಟಿಕ್ ಟಿಕ್, ಬೆಂಕಿಯ ಸುಳಿವಿಲ್ಲ. ಅಪ್ಪನ ಕಾಲದ ಹೊಲಿಗೆ ಮಷಿನ್ನನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುವವನಿಗೆ ಒಂದು ತಗಡಿನ ಡಬ್ಬಿ ಸವಾಲು ಹಾಕುವುದೆಂದರೇನು? ಅವನಿಗೆ ರೇಗಿಹೋಗಿತ್ತು.

ಮೊಬೈಲಿನಲ್ಲಿ ಯಾರೋ ಒಂದು ಉಪಾಯ ತೋರಿಸಿದ್ದರು. ಗೀಸರಿನೊಳಗೆ ಅದನ್ನು ತಾನಾಗಿ ಆರಿಸುವ ಪುಟ್ಟ ಭಾಗವೊಂದು ಇರುತ್ತದಂತೆ, ಅದನ್ನು ತಪ್ಪಿಸಿ ವೈರ್ ಜೋಡಿಸಿಬಿಟ್ಟರೆ ಮತ್ತೆ ಆರುವ ಮಾತೇ ಇಲ್ಲವಂತೆ. ಟೈಲರ್ ಗೀಸರಿನ ಮುಚ್ಚಳ ಬಿಚ್ಚಿಟ್ಟು, ಒಂದು ತುಂಡು ವೈರನ್ನು ಹಲ್ಲಿನಲ್ಲಿ ಸುಲಿಯುತ್ತಿದ್ದ.

"ರೀ, ಮೆಕ್ಯಾನಿಕ್ ಕರೆಸಿ ಅಂದ್ರೆ ನಿಮ್ಮ ಕಿವಿಗೆ ಬೀಳಲ್ವಾ?" ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಿಗೆ ಒರಗಿ. ಅವನು ಮುಚ್ಚಳ ಬಿಚ್ಚುವ ಮುಂಚೆ, ಗೀಸರ್ ಹತ್ತಿದ್ದಷ್ಟು ಹೊತ್ತು ಬಚ್ಚಲಲ್ಲಿ ಕುಳಿತು ಒಂದಿಷ್ಟು ಬಟ್ಟೆ ಒಗೆದಿದ್ದಳು. ಎರಡು ಕೈಯಲ್ಲೂ ಹಣೆ ಒತ್ತಿಕೊಂಡಿದ್ದಳು. "ನನಗಂತೂ ತಲೆ ಸಿಡೀತಾ ಇದೆ."

"ನಿನ್ನ ತಲೆನೋವು ಭಾರಿ ಜಾಣ ಕಣೇ. ಬಟ್ಟೆ ರಾಶಿ ನೋಡಿದ ಕೂಡ್ಲೆ ಬರುತ್ತೆ."

ಅವಳು ಬಾಗಿಲಿಗೆ ಇನ್ನಷ್ಟು ಒರಗಿದಳು. ಸಾಮಾನ್ಯವಾಗಿ ಒಂದಕ್ಕೆ ಎರಡು ಉತ್ತರ ಕೊಡುವವಳು ಇತ್ತೀಚೆಗೆ ಸುಮ್ಮನಿರುತ್ತಿದ್ದಳು. ಅದನ್ನೂ ಟೈಲರ್ ಗಮನಿಸಿರಲಿಲ್ಲ.

ಅಷ್ಟರಲ್ಲಿ ಅಂಗಡಿಯ ಕಡೆಯಿಂದ ಹೆಂಡತಿಯ ತಂಗಿ, ಅವನ ನಾದಿನಿ, ಬಂದಳು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಅಲ್ಲಿನ ದೊಡ್ಡ ಬಾಯ್ಲರುಗಳ ಬಗ್ಗೆ ಕೆಲಸಗಾರರಿಗೆಲ್ಲ ತರಬೇತಿ ಕೊಟ್ಟಿದ್ದರು. ಸಡಿಲವಾದ ಯೂನಿಫಾರ್ಮನ್ನು ಬಿಗಿ ಮಾಡಿಸಲೆಂದು ತಂದವಳು ಬಚ್ಚಲುಮನೆಗೆ ಇಣುಕಿದಳು.

"ಏನು ಭಾವ, ಬಟ್ಟೆ ಬಿಟ್ಟು ಗೀಸರ್ ಹೊಲೀತಿದ್ದೀರಾ?"

"ಬಂದಳಪ್ಪ, ಎಲ್ಲದಕ್ಕೂ ಮೂಗು ತೂರಿಸೋಳು. ಹೋಗಿ ಕಾಫಿ ಕುಡಿ, ಹೋಗು."

"ಕಾಫಿ ಆಮೇಲೆ. ಆ ವೈರ್ ಯಾಕೆ ಸುಲಿದಿದ್ದೀರಿ?"

ಟೈಲರ್ ಜಂಭದಿಂದಲೇ ಹೇಳಿದ. ನಾದಿನಿಯ ಮುಖದ ನಗು ಹೋಯಿತು. ಅವಳು ಮೊದಲು ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿದಳು. ಆಮೇಲೆ ಕೈ ಚಾಚಿದಳು.

"ಆ ತುಂಡು ನನಗೆ ಕೊಡಿ ಭಾವ."

"ಇದೊಳ್ಳೆ ಕಥೆ. ಅಮ್ಮ ಎಷ್ಟು ಹೊತ್ತಿಂದ ಕಾಯ್ತಿದ್ದಾರೆ ಗೊತ್ತಾ?"

"ಗೊತ್ತು, ಅದಕ್ಕೇ ಕೇಳ್ತಿರೋದು. ಒಂದು ಮಾತು ಹೇಳಿ. ಮಷಿನ್ನಲ್ಲಿ ದಾರ ಮತ್ತೆ ಮತ್ತೆ ತುಂಡಾದ್ರೆ ಏನ್ ಮಾಡ್ತೀರಿ? ಮಷಿನ್ ಒಡೆದು ಹಾಕ್ತೀರಾ?"

"ಹುಚ್ಚಾ ನನಗೆ? ದಾರ ಎಲ್ಲಿಂದ ಬರುತ್ತೆ, ಎಲ್ಲಿ ಬಿಗಿಯಾಯ್ತು, ನಿನ್ನೆಗೂ ಇವತ್ತಿಗೂ ಏನು ಬದಲಾಯ್ತು ಅಂತ ನೋಡ್ತೀನಿ."

"ಹಾಗಾದ್ರೆ ಇಲ್ಲೂ ಅದನ್ನೇ ನೋಡಿ. ಹೋದ ಚಳಿಗಾಲದಲ್ಲಿ ಇದು ಹೀಗೆ ಆರ್ತಿತ್ತಾ?"

"ಇಲ್ಲ."

"ಆಮೇಲೆ ಈ ಬಚ್ಚಲುಮನೆಯಲ್ಲಿ ಏನು ಬದಲಾಯ್ತು?"

ಏನೂ ಇಲ್ಲ ಎಂದು ಟೈಲರ್ ಬಾಯಿ ತೆರೆದ. ಅವನಿಗಿಂತ ಮುಂಚೆ ತಾಯಿಯೇ ಹೇಳಿದರು.

"ಕಿಂಡಿಗೆ ಅಂಗಿ ಹೊಲಿದು ಹಾಕಿದಾನಲ್ಲಮ್ಮ. ನನಗೆ ಕೆಮ್ಮು ಅಂತ."

ಮೇಲಿನ ಗಾಳಿಕಿಂಡಿಯ ಕಡೆ ಎಲ್ಲರೂ ನೋಡಿದರು. ಅದನ್ನು ಹೊಲಿದ ಚೆಂದವನ್ನು ಒಪ್ಪಲೇಬೇಕು. ಹೊರಗೆ ರೆಕ್ಸಿನ್, ಒಳಗೆ ಸ್ಪಂಜು, ಅಂಚಿಗೆ ಎಲಾಸ್ಟಿಕ್, ನಾಲ್ಕು ಮೂಲೆಗೂ ಗುಂಡಿ. ಬಾಗಿಲ ಕೆಳಗಿನ ಸಂದಿಗೆ ಅಂಗಡಿಯ ಚಿಂದಿ ತುಂಬಿದ ಉದ್ದನೆಯ ದಿಂಬು ಬೇರೆ. ಸೊಳ್ಳೆಯೂ ನುಸುಳುವಂತಿರಲಿಲ್ಲ. ಅಕ್ಕಪಕ್ಕದವರು ನೋಡಿ ತಮಗೂ ಬೇಕೆಂದಿದ್ದರು.

"ಗ್ಯಾಸ್ ಉರಿಯೋಕೆ ಗಾಳಿ ಬೇಕು ಭಾವ," ಎಂದಳು ನಾದಿನಿ. "ಇಷ್ಟು ಸಣ್ಣ ಕೋಣೆಯ ಗಾಳೀನ ಗೀಸರ್ ಬೇಗ ಮುಗಿಸಿಬಿಡುತ್ತೆ. ಗಾಳಿ ಸಾಲದಾದಾಗ ಅರೆಬರೆ ಉರಿದು ವಿಷದ ಹೊಗೆ ಬಿಡುತ್ತೆ. ಕಾರ್ಬನ್ ಮೊನಾಕ್ಸೈಡ್ ಅಂತಾರೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದಕ್ಕೇ ಗೀಸರಿನೊಳಗೆ ಒಂದು ಕಾವಲು ಇಟ್ಟಿರ್ತಾರೆ. ಗಾಳಿ ಕಮ್ಮಿ ಆದ್ರೆ ಅದು ಬೆಂಕಿ ಆರಿಸುತ್ತೆ. ನೀವು ಆ ಕಾವಲಿನ ಕತ್ತು ಹಿಸುಕೋಕೆ ಹೊರಟಿದ್ದೀರಿ."

"ಅಯ್ಯೋ, ಹಿಂದೆಲ್ಲ ಜನ ಬಚ್ಚಲಲ್ಲೇ ಸೌದೆ ಉರಿಸ್ತಿರ್ಲಿಲ್ವಾ? ಎಲ್ಲ ಸತ್ತೇಹೋದ್ರಾ? ಗ್ಯಾಸ್ ಸೋರಿದ್ರೆ ವಾಸನೆ ಬರಲ್ವಾ?"

"ಸೌದೆ ಒಲೆ ಇದ್ದ ಬಚ್ಚಲಿಗೆ ಹೊಗೆಗೂಡು ಇರ್ತಿತ್ತು, ಹೆಂಚಿನ ಸಂದಿ ಇರ್ತಿತ್ತು. ಅಷ್ಟಿದ್ರೂ ಹೊಗೆಗೆ ಪ್ರಾಣ ಬಿಟ್ಟವರಿದಾರೆ, ಯಾಕೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ ಅಷ್ಟೆ. ವಾಸನೆ ಬರೋದು ಸೋರಿದ ಗ್ಯಾಸಿಗೆ. ಇದು ಉರಿದ ಮೇಲೆ ಹುಟ್ಟೋ ವಿಷ, ಮೂಗಿಗೆ ಸಿಗಲ್ಲ."

ಟೈಲರ್ ಒಪ್ಪಲಿಲ್ಲ. ಕಣ್ಣಿಗೆ ಕಾಣದ್ದನ್ನು ನಂಬು ಎಂದರೆ ಯಾರು ತಾನೇ ನಂಬುತ್ತಾರೆ? ನಾದಿನಿಗೂ ಭಾವನ ಬುದ್ಧಿ ಗೊತ್ತಿತ್ತು. ಗೀಸರಿನಿಂದ ಒಂದು ಪೈಪು ಗೋಡೆ ದಾಟಿ ಹೊರಗಿನ ಕೈತೊಳೆಯುವ ಬೇಸಿನ್ನಿಗೂ ಬಂದಿತ್ತು. ಅವಳು ಗೀಸರಿನ ಮುಚ್ಚಳ ಹಾಕಿಸಿದಳು, ಎಲ್ಲರನ್ನೂ ಬಚ್ಚಲಿನಿಂದ ಹೊರಗೆ ಕಳಿಸಿದಳು. ಕಿಂಡಿಯ ಅಂಗಿ, ಬಾಗಿಲ ದಿಂಬು ಎರಡೂ ಇದ್ದ ಹಾಗೆಯೇ ಇದ್ದವು. ಬಾಗಿಲು ಎಳೆದುಕೊಂಡು ಬಂದು, ಗ್ಯಾಸ್ ಬಿಟ್ಟು ಬೇಸಿನ್ನಿನ ನಲ್ಲಿ ತಿರುಗಿಸಿದಳು.

"ಭಾವ, ನೀರಿನ ಕೆಳಗೆ ಕೈಯಿಟ್ಟು ನಿಂತ್ಕೊಳ್ಳಿ. ಏನಾಗುತ್ತೋ ನೀವೇ ಹೇಳಿ."

ಒಳಗೆ ಟಿಕ್ ಟಿಕ್ ಕೇಳಿಸಿತು. ನೀರು ಬೆಚ್ಚಗಾಯಿತು, ಬಿಸಿಯಾಯಿತು. "ನೋಡಿದ್ಯಾ?" ಎಂದು ಟೈಲರ್ ಹುಬ್ಬು ಹಾರಿಸಿದ. ನಾದಿನಿ ನಲ್ಲಿಯನ್ನು ಹಾಗೆಯೇ ಬಿಟ್ಟಳು. ಸ್ವಲ್ಪ ಹೊತ್ತಿಗೆ ಅವನ ಬೆರಳುಗಳ ಮೇಲೆ ನೀರು ಉಗುರುಬೆಚ್ಚಗಾಯಿತು, ಆಮೇಲೆ ತಣ್ಣಗೆ ಕೊರೆಯತೊಡಗಿತು.

"ಆರಿತು," ಎಂದ ಅವನು, ಮೆಲ್ಲಗೆ.

ನಾದಿನಿ ಗ್ಯಾಸ್ ನಿಲ್ಲಿಸಿದಳು. ಉಸಿರು ಬಿಗಿಹಿಡಿದು ಒಳಗೆ ಹೋಗಿ ದಿಂಬನ್ನು ಕಾಲಿನಿಂದ ತಳ್ಳಿದಳು, ಕಿಂಡಿಯ ಅಂಗಿ ಕಿತ್ತು ಹೊರಗೆಸೆದಳು, ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ಗಾಳಿ ಆಡಲೆಂದು ಎಲ್ಲರೂ ಒಂದು ಕಾಫಿ ಕುಡಿಯುವಷ್ಟು ಹೊತ್ತು ಕಾದರು. ಮತ್ತೆ ಗ್ಯಾಸ್ ಬಿಟ್ಟು ನಲ್ಲಿ ತಿರುಗಿಸಿದಾಗ ನೀರು ಬಿಸಿಯಾಯಿತು, ಬಿಸಿಯಾಗಿಯೇ ಉಳಿಯಿತು. ಟೈಲರ್ ಕೈ ತೆಗೆಯದೆ ನಿಂತಿದ್ದ. ಅಂಗೈ ಕೆಂಪಾದ ಮೇಲೆ ತಾನೇ ನಲ್ಲಿ ನಿಲ್ಲಿಸಿದ.

"ಗೀಸರ್ ಕೆಟ್ಟಿರ್ಲಿಲ್ಲ," ಎಂದಳು ನಾದಿನಿ. "ಬೇಡ ಬೇಡ ಅಂತ ದಿನಾ ಹೇಳ್ತಿತ್ತು. ಅಕ್ಕ, ನಿನ್ನ ತಲೆನೋವು ಯಾವಾಗಿಂದ?"

"ಈ ಚಳಿ ಶುರುವಾದಾಗಿಂದ ಇರಬೇಕು. ಬಚ್ಚಲಿಂದ ಬಂದಾಗ ತಲೆ ಸಿಡಿಯುತ್ತೆ, ಹೊಟ್ಟೆ ತೊಳೆಸಿದ ಹಾಗಾಗುತ್ತೆ. ಸ್ವಲ್ಪ ಹೊತ್ತು ಹೊರಗೆ ಜಗಲಿ ಮೇಲೆ ಕೂತ್ರೆ ಸರಿಹೋಗುತ್ತೆ."

"ಅದು ತಲೆನೋವಲ್ಲ ಅಕ್ಕ, ಗಾಳಿ ಸಾಲದು ಅಂತ ಮೈ ಹೇಳ್ತಿರೋದು. ಕಾವಲು ಇದ್ರೂ ಅಷ್ಟಿಷ್ಟು ವಿಷ ಒಳಗೆ ಹೋಗಿರುತ್ತೆ. ಇವತ್ತೇ ಡಾಕ್ಟರ ಹತ್ರ ಹೋಗೋಣ. ಗ್ಯಾಸ್ ಗೀಸರ್ ವಿಷಯ ಅವರಿಗೆ ಮರೆಯದೆ ಹೇಳಬೇಕು."

ಟೈಲರ್ ಹೆಂಡತಿಯ ಮುಖ ನೋಡಿದ. ಎಷ್ಟು ದಿನದಿಂದ ಆ ತಲೆನೋವನ್ನು ಆಡಿಕೊಂಡು ನಕ್ಕಿದ್ದನೋ ಲೆಕ್ಕವಿಲ್ಲ. ನಾಚಿಕೆಯಾಯಿತು. ಆದರೆ ಅವನ ಎದೆ ಧಸಕ್ಕೆಂದದ್ದು ಅದಕ್ಕಲ್ಲ, ಆಮೇಲೆ ತಾಯಿ ಆಡಿದ ಮಾತಿಗೆ.

"ಅಂತೂ ಹಂಡೆ ಸರಿಹೋಯ್ತಲ್ಲ. ನಾನು ಒಳಗೆ ಹೋಗ್ತೀನಪ್ಪ. ನಿಧಾನವಾಗಿ ಮಾಡ್ಕೊಂಡು ಬರ್ತೀನಿ, ಯಾರೂ ಬಾಗಿಲು ಬಡೀಬೇಡಿ."

ಅವರು ಇದನ್ನು ದಿನಾ ಹೇಳುತ್ತಿದ್ದರು. ಒಳಗಿನಿಂದ ಚಿಲಕ ಹಾಕಿಕೊಂಡರೆ ಬೇಗ ಹೊರಬರುವವರಲ್ಲ. ನೀರಿನ ಸದ್ದಿನಲ್ಲಿ ಕರೆದದ್ದು ಕೇಳಿಸುತ್ತಿರಲಿಲ್ಲ, ಕೇಳಿಸಿದರೆ ಸಿಡುಕುತ್ತಿದ್ದರು. ಹಾಗಾಗಿ ಮನೆಯಲ್ಲಿ ಯಾರೂ ಕರೆಯುವುದನ್ನೇ ಬಿಟ್ಟಿದ್ದರು. ನಾದಿನಿ ಸ್ವಲ್ಪ ತಡವಾಗಿ ಬಂದಿದ್ದರೆ? ಆ ವೈರು ಸೇರಿಸಿಬಿಟ್ಟಿದ್ದರೆ ಗೀಸರ್ ಆರದೆ ಉರಿಯುತ್ತಿತ್ತು. ತಾನು ಮಷಿನ್ನಿನ ಮುಂದೆ ಕುಳಿತು, ಅಂತೂ ಗೆದ್ದೆ ಎಂದುಕೊಂಡು ಹೊಲಿಯುತ್ತಿರುತ್ತಿದ್ದ. ಅಮ್ಮ ಇನ್ನೂ ಬರಲಿಲ್ಲವಲ್ಲ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಟೈಲರ್ ಆ ವೈರಿನ ತುಂಡನ್ನು ತೆಗೆದು ನಾದಿನಿಯ ಕೈಗಿಟ್ಟ. ತಾಯಿಯ ಸ್ಟೂಲಿನ ಪಕ್ಕ ನೆಲದ ಮೇಲೆಯೇ ಕುಳಿತುಬಿಟ್ಟ.

"ಏನಾಯ್ತೋ?" ಎಂದರು ತಾಯಿ.

"ಏನಿಲ್ಲಮ್ಮ," ಎಂದ. ಅವರ ಕೈ ಹಿಡಿದುಕೊಂಡ. "ಏನೂ ಆಗ್ಲಿಲ್ಲ."

ಆ ದಿನ ಅವನು ಬಾಗಿಲು, ಕಿಂಡಿ ತೆರೆದಿಟ್ಟು ಬಕೆಟ್ ತುಂಬಿಸಿದ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ತಾಯಿಯನ್ನು ಒಳಗೆ ಕಳಿಸಿದ. ಮಧ್ಯಾಹ್ನ ಹೆಂಡತಿಯನ್ನು ಡಾಕ್ಟರ ಬಳಿ ಕರೆದೊಯ್ದ. ಆಮೇಲೆ ಗೀಸರ್ ಕಂಪನಿಯ ಮೆಕ್ಯಾನಿಕ್ ಬಂದು ಎಲ್ಲವನ್ನೂ ಪರೀಕ್ಷಿಸಿ, ಗೀಸರನ್ನು ಹಿತ್ತಲಿನ ಹೊರಗೋಡೆಗೆ ಸಾಗಿಸಿದ. ಈಗ ಬಚ್ಚಲಿಗೆ ಬರುವುದು ಬಿಸಿನೀರಿನ ಪೈಪು ಮಾತ್ರ. ಚಳಿಯ ವಿಷಯಕ್ಕೆ ಬಂದರೆ, "ಚಳಿ ಆಗೋದು ಗೋಡೆಗಾ, ಅಮ್ಮನಿಗಾ?" ಎಂದು ನಾದಿನಿ ಕೇಳಿದ ಮೇಲೆ ಟೈಲರ್ ತಾಯಿಗೆ ದಪ್ಪ ಬಟ್ಟೆಯ ಒಂದು ಉದ್ದ ನಿಲುವಂಗಿ ಹೊಲಿದುಕೊಟ್ಟಿದ್ದಾನೆ. ಅದನ್ನು ತೊಟ್ಟು ಅವರು ಬೀದಿಯಲ್ಲೆಲ್ಲ ತಿರುಗುತ್ತಾರೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಕೇಳುತ್ತಿರುವ ಅಮ್ಮ, ಅಪ್ಪ, ಇನ್ನು ನಿಮ್ಮ ಮನೆಯ ಮಾತು. ನಿಮ್ಮ ಗ್ಯಾಸ್ ಗೀಸರ್ ಹತ್ತದಿದ್ದರೆ, ಹತ್ತಿ ಹತ್ತಿ ಆರುತ್ತಿದ್ದರೆ, ಅದಕ್ಕೆ ಬೈಯುವ ಮೊದಲು ಗಾಳಿ ಬರುವ ದಾರಿ ನೋಡಿ. ಗ್ಯಾಸ್ ನಿಲ್ಲಿಸಿ, ಬಾಗಿಲು ತೆರೆಯಿರಿ, ತಿಳಿದ ಮೆಕ್ಯಾನಿಕ್ಕನ್ನು ಕರೆಯಿರಿ. ಒಳಗಿನ ಕಾವಲನ್ನು ಯಾರು ಹೇಳಿದರೂ ತಪ್ಪಿಸಬೇಡಿ. ಟೈಲರನ ಮನೆಯಲ್ಲಿ ಮಾಡಿದ ಪರೀಕ್ಷೆಯನ್ನೂ ನೀವಾಗಿ ಮಾಡಬೇಡಿ. ಗೀಸರ್ ಬಚ್ಚಲಿನೊಳಗಿದ್ದರೆ ಹೊರಗೆ ಹಾಕಿಸಿ, ಅಲ್ಲಿಯವರೆಗೆ ನೀರು ತುಂಬಿಸಿ, ಆರಿಸಿ, ಆಮೇಲೆ ಸ್ನಾನ ಮಾಡಿ. ಬಚ್ಚಲಿನಲ್ಲಿ ತಲೆ ಸುತ್ತಿದರೆ, ಹೊಟ್ಟೆ ತೊಳೆಸಿದರೆ ಕೂಡಲೇ ಹೊರಗೆ ಬನ್ನಿ, ಡಾಕ್ಟರಿಗೆ ತೋರಿಸಿ.

ಸ್ನಾನಕ್ಕೆ ಹೋದವರನ್ನು ನಡುನಡುವೆ ಕೂಗಿ ಕರೆಯಿರಿ. ಅವರು ಒಳಗಿನಿಂದ ಬೈದರೆ ಬೈಸಿಕೊಳ್ಳಿ. ಬೈಯುವ ದನಿಯಾದರೂ ಕೇಳಿಸಿತಲ್ಲ.