ಬಿಸಿಯಾದಾಗ ಕೈಕೊಡುವ ಕಾಯಿಲ್

ಅಪ್ಪನ ಹಳೆಯ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಅಣ್ಣ ತಂಗಿಯ ರಿಪೇರಿ ಷೆಡ್ಡಿಗೇ ಬಂದದ್ದನ್ನು ಕಂಡು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಂಥ ಮುದಿ ಕಾರುಗಳ ಹೊಟ್ಟೆಗೆ ಕೈಹಾಕುವವರು ಊರಿನಲ್ಲಿ ಅವಳೊಬ್ಬಳೇ. ಬೇರೆ ಗತಿ ಇದ್ದಿದ್ದರೆ ಆ ಮಹಾನುಭಾವ ಈ ಬೀದಿಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಖುಷಿಯೆಂದರೆ ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದಳು.

"ಸ್ವಲ್ಪ ದೂರ ಚೆನ್ನಾಗೇ ಓಡತ್ತೆ ಕಣೆ, ಆಮೇಲೆ ಸತ್ತೇ ಹೋಗತ್ತೆ" ಎಂದ ಅಣ್ಣ.

ಕಾಯಿಲ್ಲಿನದೇ ಕಾಟ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ಬ್ಯಾಟರಿಯ ಕರೆಂಟಿಗೆ ಕಿಡಿ ಹಾರಿಸುವಷ್ಟು ಜೋರು ಕೊಡುವ ಪುಟ್ಟ ಡಬ್ಬಿ ಅದು. ಆದರೂ ಬಾಯಿ ಬಿಡಲಿಲ್ಲ. ಬಾನೆಟ್ ತೆಗೆದಿಟ್ಟು, "ಕೂತ್ಕೊಳ್ಳಿ, ಚಹಾ ಕುಡೀರಿ" ಎಂದು ಉಪಚಾರ ಮಾಡಿ, ಕಾಯಿಲ್ ಪೂರ್ತಿ ತಣ್ಣಗಾಗುವವರೆಗೆ ಬಿಟ್ಟಳು.

ಹಿಂದೊಮ್ಮೆ, ಅಣ್ಣ ತಂಗಿ ಇಬ್ಬರೂ ಕೆಲಸ ಮಾಡುತ್ತಿದ್ದ ಅಪ್ಪನ ಗ್ಯಾರೇಜಿಗೆ ಡಾಕ್ಟರೊಬ್ಬರ ಕಾರು ಬಂದಿತ್ತು. ಅದರ ಕಾಯಿಲ್ ಪರೀಕ್ಷಿಸಿ "ಚೆನ್ನಾಗಿದೆ" ಎಂದು ಕಳಿಸಿದವನು ಅಣ್ಣ. ಸಂಜೆ ಆ ಕಾರು ರೈಲು ಹಳಿಯ ಮೇಲೆ ನಿಂತುಬಿಟ್ಟಿತು. ಡಾಕ್ಟರು ಹೊರಗೆ ಹಾರಿ ಜೀವ ಉಳಿಸಿಕೊಂಡರು, ಕಾರು ನುಚ್ಚುನೂರಾಯಿತು. ಅಣ್ಣ ಕಣ್ಣು ಮಿಟುಕಿಸದೆ ತಂಗಿಯ ತಲೆ ಮೇಲೆ ಗೂಬೆ ಕೂರಿಸಿದ. ಅಪ್ಪ ಅವಳನ್ನು ಗ್ಯಾರೇಜಿನಿಂದ ಹೊರಗೆ ಹಾಕಿದವನು ಸಾಯುವವರೆಗೂ ಮಾತಾಡಲಿಲ್ಲ. ಅಮ್ಮ ಸುಮ್ಮನಿದ್ದಳು. ಪಾಪ, ಅಮ್ಮನಿಗೇನು ಗೊತ್ತು, ಮಗ ಹೇಳಿದ್ದನ್ನು ನಂಬಿದ್ದಾಳೆ ಎಂದುಕೊಂಡೇ ತಂಗಿ ಹಲ್ಲುಕಚ್ಚಿ ಬದುಕಿದ್ದಳು. ಒಂದಲ್ಲ ಒಂದು ದಿನ ಅಮ್ಮನ ಕಣ್ಣೆದುರೇ ಅವನ ಬಣ್ಣ ಬಯಲು ಮಾಡಬೇಕು, ಅಮ್ಮನ ಬಾಯಿಂದಲೇ "ನಿನ್ನ ತಪ್ಪಲ್ಲ" ಅನ್ನಿಸಬೇಕು. ಅವಳಿಗಿದ್ದ ಆಸೆ ಇಷ್ಟೇ.

"ಅಣ್ಣ, ಕಾಯಿಲ್ ನೀನೇ ನೋಡು. ಅಪ್ಪನ ಗ್ಯಾರೇಜು ನಡೆಸಿದವನು ನೀನಲ್ವಾ" ಎಂದು ಕರೆಂಟು ಪರೀಕ್ಷಿಸುವ ಮೀಟರನ್ನು ಅವನ ಕೈಗಿಟ್ಟಳು.

ಹೊಗಳಿಕೆ ಕೇಳಿದರೆ ಉಬ್ಬಿಹೋಗುವ ಪ್ರಾಣಿ ಅದು. ಅಂಗಿಯ ತೋಳು ಮಡಚಿ, ಕಾಯಿಲ್ಲಿನ ವೈರುಗಳನ್ನು ಬಿಡಿಸಿ, ಮೀಟರಿನ ಎರಡು ಕಡ್ಡಿ ತಾಗಿಸಿದ. ಮುಳ್ಳು ಸರಿಯಾದ ಜಾಗಕ್ಕೆ ಓಡಿತು.

"ಕಾಯಿಲ್ ಚೆನ್ನಾಗಿದೆ. ಬೇರೆ ಇನ್ನೇನೋ ಇರ್ಬೇಕು" ಎಂದು ಮೀಸೆ ಒರೆಸಿಕೊಂಡ.

"ಅಮ್ಮ, ಕೇಳಿಸ್ಕೊಂಡ್ಯಾ? ಇಲ್ಲಿ ಬಾ, ಹತ್ರ ನಿಂತ್ಕೊ."

ತಂಗಿ ವೈರು ಕೂಡಿಸಿ ಇಂಜಿನ್ ಚಾಲೂ ಮಾಡಿದಳು. ಅದು ಚೆನ್ನಾಗಿಯೇ ಓಡಿತು, ಬಿಸಿಯಾಯಿತು, ಕೆಮ್ಮಿತು, ಆಮೇಲೆ ನಿಂತಿತು. "ಈಗ ಹಿಡಿ ಮೀಟರು" ಎಂದಳು. ಬೆರಳು ಸುಡುವಷ್ಟು ಕಾದಿದ್ದ ಕಾಯಿಲ್ಲಿಗೆ ಅಣ್ಣ ಕಡ್ಡಿ ತಾಗಿಸಿದರೆ ಮುಳ್ಳು ಮಿಸುಕಲಿಲ್ಲ.

"ಒಳಗಿನ ತಂತಿ ಬಿಸಿಗೆ ಬಿಟ್ಕೊಳ್ಳತ್ತೆ, ತಣ್ಣಗಾದ್ರೆ ಮತ್ತೆ ಕೂಡ್ಕೊಳ್ಳತ್ತೆ. ಅದಕ್ಕೇ ಕಾಯಿಲನ್ನ ಕಾಯಿಸಿ ನೋಡ್ಬೇಕು. ಈ ಮನುಷ್ಯ ಇವತ್ತಿಗೂ ತಣ್ಣಗಿರೋದನ್ನೇ ನೋಡಿ ಚೆನ್ನಾಗಿದೆ ಅಂತಾನೆ. ಅವತ್ತು ಡಾಕ್ಟರ ಕಾರು ನೋಡಿದ್ದು ಯಾರು ಅಂತ ಈಗ್ಲಾದ್ರೂ ಗೊತ್ತಾಯ್ತಾ ಅಮ್ಮ?"

ಅಣ್ಣ ಮೀಟರನ್ನು ಮೆಲ್ಲಗೆ ಕೆಳಗಿಟ್ಟ. ಆ ಮುಖ ನೋಡಿ ತಂಗಿಯ ಹೊಟ್ಟೆ ತಣ್ಣಗಾಯಿತು. ಕಪಾಟಿನಿಂದ ಹೊಸ ಕಾಯಿಲ್ ತೆಗೆದು ಅಮ್ಮನ ಕಡೆ ತಿರುಗಿದಳು.

ಅಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದಳು. "ನಂಗೆ ಅವತ್ತೇ ಗೊತ್ತಿತ್ತು ಕಣೆ. ಗ್ಯಾರೇಜಿಗೆ ಊಟದ ಡಬ್ಬಿ ತಂದಾಗ ಅವನೇ ಮೀಟರ್ ಹಿಡ್ಕೊಂಡಿದ್ದ, ನೋಡಿದ್ದೆ. ಅವನು ಕೈಲಾಗದವನು, ಹೊರಗೆ ಹಾಕಿದ್ರೆ ಹಾಳಾಗಿಹೋಗ್ತಿದ್ದ. ನೀನಾದ್ರೆ ಹೇಗಾದ್ರೂ ಮಾಡ್ಕೋತೀಯ ಅಂತ..."

ಇಷ್ಟು ವರ್ಷ ತಾನು ಅರ್ಧ ಸಿಟ್ಟನ್ನಷ್ಟೇ ಸಾಕಿದ್ದೆ ಎಂದು ತಂಗಿಗೆ ಆಗ ಹೊಳೆಯಿತು. ಉಳಿದರ್ಧಕ್ಕೆ ಯಜಮಾನಿ ಎದುರಿಗೇ ನಿಂತಿದ್ದಳು. ತಂಗಿ ಹೊಸ ಕಾಯಿಲನ್ನು ಕಪಾಟಿಗೆ ವಾಪಸ್ ಇಟ್ಟು, ಹಳೆಯದಕ್ಕೇ ವೈರು ಸಿಕ್ಕಿಸಿದಳು.

"ಹೊಸದು ಹಾಕಲ್ವೇನೇ?" ಎಂದ ಅಣ್ಣ.

"ಇಲ್ಲ. ಇದು ತಣ್ಣಗಾದ್ಮೇಲೆ ಹೊರಡಿ. ಸ್ವಲ್ಪ ದೂರ ಹೋಗತ್ತೆ. ನಿಂತಲ್ಲಿ ಇಳಿದು ಕಾಯಿರಿ, ಮತ್ತೆ ಹೊರಡಿ."

"ಮಂಡಿ ನೋವು ಕಣೆ ನಂಗೆ" ಎಂದಳು ಅಮ್ಮ. "ಈ ಬಿಸಿಲಲ್ಲಿ ರಸ್ತೆ ಮೇಲೆ ಎಷ್ಟು ಸಲ ಇಳಿದು ನಿಂತ್ಕೊಳ್ಳಲಿ?"

"ನೀನು ಹೇಗಾದ್ರೂ ಮಾಡ್ಕೋತೀಯ ಅಮ್ಮ" ಎಂದು ತಂಗಿ ಬಾನೆಟ್ ಮುಚ್ಚಿದಳು.